ನಳದಲ್ಲಿ ಮೊದಲು ಗಾಳಿ, ಆಮೇಲೆ ನೀರು: ‘ಪಿನ್’ ಇದನ್ನು ಲೆಕ್ಕ ಹಾಕುತ್ತಾ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ. ಪೈಪಿನಲ್ಲಿ ನೀರು-ಗಾಳಿ ಒಟ್ಟಿಗೆ ಹರಿಯುವುದೇ ನಮ್ಮ ಪ್ರಾಜೆಕ್ಟ್. ಫಿಸಿಕ್ಸ್-ಇನ್ಫಾರ್ಮ್ಡ್ ನ್ಯೂರಲ್ ನೆಟ್‌ವರ್ಕ್, ಅಂದರೆ ‘ಪಿನ್’ ಬಳಸಿದರೆ ಡೇಟಾನೂ ಬೇಡ, ಸಿಎಫ್‌ಡಿನೂ (ಹರಿವಿನ ಸಮೀಕರಣಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಲೆಕ್ಕ) ಬೇಡ ಅಂತಾರೆ. ನಿಜವಾ ಸರ್?

ಉತ್ತರ: ಅರ್ಧ ನಿಜ ನೋಡ್ರಿ.

ನೀರು ಬಿಡುವ ದಿನ ನಳದ ಮುಂದೆ ಕೊಡ ಇಟ್ಟು ಕಾದವರಿಗೆ ನಿಮ್ಮ ವಿಷಯ ಹೊಸದಲ್ಲ. ಮೊದಲು ಬುಸ್ ಅಂತ ಗಾಳಿ. ಆಮೇಲೆ ಉಗುಳಿದ ಹಾಗೆ ಒಂದಿಷ್ಟು ನೀರು, ಮತ್ತೆ ಗಾಳಿ. ಧಾರೆ ಕಟ್ಟುವುದು ಕೊನೆಗೆ. ಮಲ್ಟಿಫೇಸ್ ಫ್ಲೋ ಅಂದರೆ ಇದೇ.

ಸಾಮಾನ್ಯ ನ್ಯೂರಲ್ ನೆಟ್‌ವರ್ಕ್ ನೀವು ಕೊಟ್ಟ ಅಳತೆಗಳಿಗೆ ಹೊಂದುವ ಗೆರೆ ಎಳೆಯುತ್ತದೆ. ನಡುವೆ ನೀರು ಮಾಯವಾದರೂ ಅದಕ್ಕೆ ಚಿಂತೆಯಿಲ್ಲ. ಪಿನ್‌ನಲ್ಲಿ ಅದಕ್ಕೂ ದಂಡ ಬೀಳುತ್ತದೆ. ಅದು ಹೇಳಿದ ವೇಗ, ಒತ್ತಡ, ನೀರಿನ ಪಾಲು ಎಲ್ಲವನ್ನೂ ನೇವಿಯರ್-ಸ್ಟೋಕ್ಸ್‌ನಂಥ ಹರಿವಿನ ಸಮೀಕರಣಗಳಲ್ಲಿ ಹಾಕಿ ನೋಡುತ್ತಾರೆ. ಎರಡು ಬದಿ ಸರಿಹೋಗದೆ ಉಳಿದ ಬಾಕಿಯನ್ನು ನೆಟ್‌ವರ್ಕ್ ಇಳಿಸಬೇಕಾದ ತಪ್ಪಿನ ಮೊತ್ತಕ್ಕೆ, ಅಂದರೆ ಲಾಸ್‌ಗೆ ಸೇರಿಸುತ್ತಾರೆ. ರೈಸ್ಸಿ, ಪೆರ್ಡಿಕಾರಿಸ್, ಕಾರ್ನಿಯಾಡಾಕಿಸ್ ಅವರ 2019ರ ಪ್ರಬಂಧದಿಂದ ಪಿನ್ ಹೆಸರು ಹಬ್ಬಿತು. ಹಾಗಂತ ಪೂರ್ತಿ ಹೊಸದೇನಲ್ಲ, ಲಗಾರಿಸ್ ಮತ್ತು ಜೊತೆಗಾರರು 1998ರಲ್ಲೇ ಇಂಥದ್ದನ್ನು ಮಾಡಿದ್ದರು.

ಗೋಳು ಶುರುವಾಗುವುದು ನೀರು ಮುಗಿದು ಗಾಳಿ ಶುರುವಾಗುವ ಅಂಚಿನಲ್ಲಿ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಜಾಸ್ತಿ. ಅಷ್ಟು ದೊಡ್ಡ ಜಿಗಿತ ಕೂದಲೆಳೆಗಿಂತ ಸಣ್ಣ ಜಾಗದಲ್ಲಿ. ನೆಟ್‌ವರ್ಕ್ ನಯವಾದ ಏರಿಳಿತವನ್ನು ಬೇಗ ಕಲಿಯುತ್ತದೆ, ಚೂಪು ಅಂಚನ್ನು ಸವರಿ ಹಾಕುತ್ತದೆ. ಕಲ್ಲಿನ ಸಂದಿಯಲ್ಲಿ ನೀರು ಎಣ್ಣೆಯನ್ನು ತಳ್ಳುವ ಬಕ್ಲಿ-ಲೆವೆರೆಟ್ ಸಮೀಕರಣದಲ್ಲೂ ಪಿನ್ ಹೀಗೇ ಎಡವಿತ್ತು. ಚೂಪು ಅಂಚನ್ನು ಹರಡುವ ಡಿಫ್ಯೂಷನ್ ಸ್ವಲ್ಪ ಬೆರೆಸಿದ ಮೇಲೆ ದಾರಿಗೆ ಬಂತು. ಅದಕ್ಕೇ ಹಲವರು ಕಾನ್-ಹಿಲಿಯರ್ ಸಮೀಕರಣ ಹಿಡಿದು ಅಂಚನ್ನು ಬೇಕಂತಲೇ ದಪ್ಪ ಮಾಡಿಕೊಳ್ಳುತ್ತಾರೆ, ಸಮೀಕರಣ ಪರೀಕ್ಷಿಸುವ ಬಿಂದುಗಳನ್ನು ಅಂಚಿನ ಹತ್ತಿರ ಜಾಸ್ತಿ ಇಡುತ್ತಾರೆ.

ಇನ್ನು ‘ಡೇಟಾ ಬೇಡ’ ಅನ್ನುವ ಮಾತು. ಶುರುವಿನ ಸ್ಥಿತಿ, ಗೋಡೆ, ಒಳಬರುವ ಹರಿವು ಎಲ್ಲ ಪಕ್ಕಾ ಗೊತ್ತಿದ್ದರೆ ಬೇಡ, ಸರಿ. ಆದರೆ ಅಷ್ಟೆಲ್ಲ ಗೊತ್ತಿದ್ದರೆ ಪಿನ್ ಯಾಕೆ? 1981ರಿಂದ ಹೆಸರಾದ ವಾಲ್ಯೂಮ್ ಆಫ್ ಫ್ಲೂಯಿಡ್ ಎಂಬ ಸಿಎಫ್‌ಡಿ ವಿಧಾನವೇ ಸಾಮಾನ್ಯವಾಗಿ ಬೇಗ ಮುಗಿಸುತ್ತದೆ. ಗುಳ್ಳೆಗಳ ವಿಡಿಯೋ ಇದೆ, ಎರಡೇ ಪ್ರೆಷರ್ ಗೇಜ್ ಇವೆ, ಒಳಗಿನ ವೇಗ ಮಾತ್ರ ಗೊತ್ತಿಲ್ಲ ಅಂದಾಗ ಪಿನ್ ಕರೆಯಿರಿ.

ನಾನಾದರೆ ಮೊದಲು ಬಕ್ಲಿ-ಲೆವೆರೆಟ್ ಮಾಡಿಸುತ್ತೇನೆ. ಅದರ ಉತ್ತರ ಮೊದಲೇ ಗೊತ್ತಿದೆ, ತಪ್ಪು ಅಡಗುವುದಿಲ್ಲ. ಆಮೇಲೆ ಪಾರದರ್ಶಕ ಪೈಪು, ಮೊಬೈಲ್ ಕ್ಯಾಮೆರಾ. ಜೊತೆಗೆ ಓಪನ್‌ಫೋಮ್ ಎಂಬ ಸಿಎಫ್‌ಡಿ ಸಾಫ್ಟ್‌ವೇರ್‌ನಲ್ಲಿ ಅದೇ ಪೈಪಿನ ಲೆಕ್ಕ ಮಾಡಿಟ್ಟುಕೊಳ್ಳಿ. ವೈವಾದಲ್ಲಿ ‘ಇದು ಸರಿ ಅಂತ ಹೆಂಗ ಗೊತ್ತು?’ ಅಂತ ಕೇಳೇ ಕೇಳ್ತಾರೆ.