ಗಾಂಜಾ ಕೇಸಿನಲ್ಲಿ ತಮ್ಮನಿಗೆ ಶಿಕ್ಷೆಯಾಗಿದೆ, ಅಪೀಲು ಹಾಕಿದರೆ ಹೊರಗೆ ಬರುತ್ತಾನಾ?

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಪೊಲೀಸರು ಅವನನ್ನು ಹಿಡಿದರು. ಕೈಯಲ್ಲಿದ್ದ ಚೀಲದಲ್ಲಿ 6 ಕೆ.ಜಿ. ಗಾಂಜಾ ಸಿಕ್ಕಿತು ಅಂತ ಕೇಸು. ಚೀಲ ಬೇರೆಯವರು ಕೊಟ್ಟಿದ್ದು, ಒಳಗೆ ಏನಿತ್ತು ಅಂತ ಗೊತ್ತಿರಲಿಲ್ಲ ಅಂತ ಮೊದಲಿನಿಂದಲೂ ಹೇಳುತ್ತಿದ್ದಾನೆ. ಜಾಮೀನಿನ ಮೇಲಿದ್ದ. ಹೋದ ವಾರ ಕೋರ್ಟು 4 ವರ್ಷ ಕಠಿಣ ಶಿಕ್ಷೆ, 25 ಸಾವಿರ ದಂಡ ಹಾಕಿ ಅಲ್ಲಿಂದಲೇ ಜೈಲಿಗೆ ಕಳಿಸಿತು. ಡ್ರಗ್ಸ್ ಕೇಸಿನಲ್ಲಿ ಅಪೀಲು ಮುಗಿಯುವವರೆಗೆ ಬಿಡುವುದೇ ಇಲ್ಲ ಅಂತಾರೆ. ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿಯಾಗುತ್ತೆ ಅಂತಲೂ ಒಬ್ಬರು ಹೆದರಿಸಿದರು. ಏನು ಮಾಡಲಿ?

ಉತ್ತರ: ಅಕ್ಕ, ಮೊದಲು ದಿನ ಎಣಿಸಿ. ಡ್ರಗ್ಸ್ ಕೇಸು ನಡೆಸುವ ವಿಶೇಷ ನ್ಯಾಯಾಲಯದ ತೀರ್ಪಿನ ವಿರುದ್ಧ ಹೈಕೋರ್ಟಿಗೆ ಅಪೀಲು ಹಾಕಲು 60 ದಿನ ಕಾಲಾವಕಾಶವಿದೆ. ಅದರಲ್ಲಿ ಒಂದು ವಾರ ಆಗಲೇ ಕಳೆದಿದೆ. ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ಕೋರ್ಟೇ ಉಚಿತವಾಗಿ ಕೊಡಬೇಕು. ಅದು ಕೈಗೆ ಬಂದಿದೆಯೇ ಎಂದು ಇವತ್ತೇ ನಿಮ್ಮ ವಕೀಲರನ್ನು ಕೇಳಿ. ದೃಢೀಕೃತ ನಕಲಿಗೆ ಅರ್ಜಿ ಹಾಕಿದರೆ, ನಕಲು ತಯಾರಾಗಲು ಹಿಡಿದ ದಿನಗಳನ್ನು ಈ 60ರಿಂದ ಕಳೆಯುತ್ತಾರೆ. ಗಡುವು ಮೀರಿದರೂ ತಕ್ಕ ಕಾರಣ ತೋರಿಸಿ ವಿಳಂಬ ಮನ್ನಾ ಅರ್ಜಿ ಹಾಕಬಹುದು. ಆದರೆ ಅವನು ಒಳಗಿರುವಾಗ ತಡವಾದ ಪ್ರತಿ ದಿನವೂ ಅವನೇ ಅನುಭವಿಸಬೇಕಾದ ದಿನ.

ಅಪೀಲು ಅವನ ಹಕ್ಕು, ಕೋರ್ಟಿನ ಅನುಮತಿ ಬೇಡ. ಎನ್‌ಡಿಪಿಎಸ್ ಕಾಯ್ದೆಯ (ಮಾದಕ ವಸ್ತುಗಳ ಕಾಯ್ದೆ) 36-ಬಿ ಕಲಮಿನ ಪ್ರಕಾರ, ವಿಶೇಷ ನ್ಯಾಯಾಲಯವನ್ನು ಸೆಷನ್ಸ್ ಕೋರ್ಟಿನಂತೆಯೇ ಕಂಡು ಹೈಕೋರ್ಟು ಮೇಲ್ಮನವಿ ಕೇಳುತ್ತದೆ. ಅಪೀಲಿನ ಈ ಹಕ್ಕು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೇ ಕಲಮು, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 374. ಚಾಮರಾಜನಗರ ಜಿಲ್ಲೆಯ ತೀರ್ಪಾದರೆ ಬೆಂಗಳೂರಿನ ಪೀಠಕ್ಕೆ ಹೋಗಬೇಕು. ಬೆಳಗಾವಿ, ಬಳ್ಳಾರಿ ಕಡೆಯವರಿಗೆ ಧಾರವಾಡ, ಬೀದರ್, ರಾಯಚೂರು ಕಡೆಯವರಿಗೆ ಕಲಬುರಗಿ. ತಪ್ಪೊಪ್ಪಿಕೊಂಡು ಶಿಕ್ಷೆ ಪಡೆದವರಿಗೆ ಮಾತ್ರ ದಾರಿ ಕಿರಿದು. ಅವರು ಶಿಕ್ಷೆಯ ಪ್ರಮಾಣ ಮತ್ತು ಅದು ಕಾನೂನುಬದ್ಧವೇ ಎಂಬುದನ್ನಷ್ಟೇ ಪ್ರಶ್ನಿಸಬಹುದು. ನಿಮ್ಮ ತಮ್ಮ ವಿಚಾರಣೆ ಎದುರಿಸಿದ್ದಾನೆ, ಆದ್ದರಿಂದ ಇಡೀ ತೀರ್ಪನ್ನೇ ಪ್ರಶ್ನಿಸಬಹುದು.

ಬಿಡುವುದೇ ಇಲ್ಲ ಎಂಬ ಮಾತಿಗೆ ಒಂದು ಮೂಲವಿದೆ. ಕಾಯ್ದೆಯ 32-ಎ ಕಲಮು, ಈ ಕಾಯ್ದೆಯಡಿ ಆದ ಶಿಕ್ಷೆಯನ್ನು ಅಮಾನತಿನಲ್ಲಿಡುವಂತಿಲ್ಲ, ಅಂದರೆ ಅಪೀಲು ಮುಗಿಯುವವರೆಗೆ ತಡೆಹಿಡಿಯುವಂತಿಲ್ಲ ಎನ್ನುತ್ತಿತ್ತು. 2000ದಲ್ಲಿ ದಾದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನ್ಯಾಯಾಲಯದ ಅಧಿಕಾರ ಕಿತ್ತುಕೊಳ್ಳುವ ಆ ಭಾಗ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪಿತ್ತಿತು. ಹಾಗಾಗಿ ಅಪೀಲಿನ ಜೊತೆಗೇ ಶಿಕ್ಷೆ ಅಮಾನತು ಮತ್ತು ಜಾಮೀನಿಗೆ ಪ್ರತ್ಯೇಕ ಅರ್ಜಿ ಹಾಕಿ. ಅದೇ ಕಲಮಿನ ಇನ್ನೊಂದು ಭಾಗ ಉಳಿದುಕೊಂಡಿದೆ, ಸನ್ನಡತೆಗೆ ಸಿಗುವ ಶಿಕ್ಷೆ ಕಡಿತ ಇವನಿಗೆ ಸಿಗುವುದಿಲ್ಲ. ‘ಒಳಗೆ ಚೆನ್ನಾಗಿದ್ದರೆ ಬೇಗ ಬಿಡ್ತಾರೆ’ ಎಂದು ಯಾರಾದರೂ ಹೇಳಿದರೆ ಆ ಮಾತು ನಂಬಿ ಅಪೀಲು ಬಿಡಬೇಡಿ.

ಅಮಾನತು ಸಿಗುವುದು ಎಷ್ಟು ಕಷ್ಟ ಎಂಬುದು ತೂಕದ ಮೇಲಿದೆ. ಗಾಂಜಾ 1 ಕೆ.ಜಿ.ಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ, 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣವಾದರೆ ಕನಿಷ್ಠ 10 ವರ್ಷ ಶಿಕ್ಷೆ. ಜೊತೆಗೆ 37ನೇ ಕಲಮಿನ ಗೋಡೆ: ಇವನು ನಿರ್ದೋಷಿ ಎಂದು ನಂಬಲು ಕಾರಣವಿದೆ, ಹೊರಗೆ ಬಂದು ಮತ್ತೆ ಅಪರಾಧ ಮಾಡುವುದಿಲ್ಲ ಎಂದು ಕೋರ್ಟಿಗೆ ಅನಿಸಿದರೆ ಮಾತ್ರ ಬಿಡುಗಡೆ. 6 ಕೆ.ಜಿ. ಎರಡರ ನಡುವಿನದು, ಆ ಗೋಡೆ ನಿಮಗಿಲ್ಲ. ವಿಚಾರಣೆಯ ಕಾಲದಲ್ಲಿ ಅವನು ಜಾಮೀನಿನ ಷರತ್ತು ಮುರಿಯದೆ ಪ್ರತಿ ತಾರೀಕಿಗೂ ಹಾಜರಾಗಿದ್ದರೆ ಅದನ್ನು ಅರ್ಜಿಯಲ್ಲಿ ಬರೆಸಿ. ನಿಗದಿತ ಅವಧಿಯ ಶಿಕ್ಷೆಯಲ್ಲಿ, ಅಪೀಲು ಬೇಗ ವಿಚಾರಣೆಗೆ ಬರುವಂತಿಲ್ಲದಿದ್ದರೆ ಅಮಾನತಿನ ಅರ್ಜಿಯನ್ನು ಉದಾರವಾಗಿ ನೋಡಬೇಕು ಎಂದು ಸುಪ್ರೀಂ ಕೋರ್ಟು 1999ರಲ್ಲಿ ಭಗವಾನ್ ರಾಮ ಶಿಂಧೆ ಪ್ರಕರಣದಲ್ಲಿ ಹೇಳಿದೆ. ಅದು ಗಾಂಜಾ ಕೇಸಲ್ಲ, ಆದರೂ ವಾದಕ್ಕೆ ಬಲ ಕೊಡುತ್ತದೆ. ದಂಡವನ್ನೂ ಅಮಾನತಿನಲ್ಲಿಡಿ ಎಂದು ಅದೇ ಅರ್ಜಿಯಲ್ಲಿ ಕೇಳಿಕೊಳ್ಳಿ, ಅದನ್ನು ಮರೆತು ಆಮೇಲೆ ಪರದಾಡುವವರಿದ್ದಾರೆ. ದಂಡ ಕಟ್ಟಿದ ಮೇಲೆ ಬಿಡುಗಡೆ ಎಂಬ ಷರತ್ತು ಬರುವುದೂ ಉಂಟು, ಹಣ ಹೊಂದಿಸಿಕೊಂಡಿರಿ.

ಓದುವ ಬೇರೆಯವರಿಗಾಗಿ ಒಂದು ಮಾತು: ಶಿಕ್ಷೆ 3 ವರ್ಷ ಮೀರದೆ, ಅಪರಾಧಿ ಆಗ ಜಾಮೀನಿನ ಮೇಲಿದ್ದರೆ, ಅಪೀಲು ಹಾಕುವಷ್ಟು ಕಾಲ ಬಿಡಿ ಎಂದು ಶಿಕ್ಷೆ ಕೊಟ್ಟ ಕೋರ್ಟನ್ನೇ ಕೇಳಿಕೊಳ್ಳಬಹುದು. ತೀರ್ಪಿನ ದಿನ ಹೋಗುವಾಗಲೇ ಅರ್ಜಿ ಸಿದ್ಧವಿರಲಿ.

ಇನ್ನು ಅಪೀಲಿನಲ್ಲಿ ಏನು ವಾದಿಸುವುದು? ಮನೆಯವರು ಸಾಮಾನ್ಯವಾಗಿ ಹೊಸ ಸಾಕ್ಷಿ ಹುಡುಕಲು ಓಡುತ್ತಾರೆ. ಹೈಕೋರ್ಟು ನೋಡುವುದು ಕೆಳಗಿನ ಕೋರ್ಟಿನ ಕಡತವನ್ನು. ಹೊಸ ಸಾಕ್ಷ್ಯಕ್ಕೆ ಅವಕಾಶ ಕೊಡುವುದು ಅಪರೂಪ. ಆದ್ದರಿಂದ ಮಹಜರು (ಮಾಲು ಹಿಡಿದಾಗ ಸ್ಥಳದಲ್ಲಿ ಬರೆದ ದಾಖಲೆ), ಪಂಚರ (ಅದಕ್ಕೆ ಸಾಕ್ಷಿಯಾದವರ) ಹೇಳಿಕೆ, ಪೊಲೀಸರ ಪಾಟೀ ಸವಾಲು, ಪ್ರಯೋಗಾಲಯದ ವರದಿ ಎಲ್ಲದರ ನಕಲೂ ಬೆಂಗಳೂರಿನ ವಕೀಲರ ಕೈಗೆ ಸಿಗುವಂತೆ ನೋಡಿಕೊಳ್ಳಿ.

ಆ ಕಾಗದಗಳನ್ನು ನಾನು ಓದುವುದಾದರೆ, ಗಾಂಜಾದ ದಾರಿಯನ್ನೇ ಹಿಡಿದು ಹೋಗುತ್ತೇನೆ. ಚೀಲ ಎಲ್ಲಿ ತೂಗಿದರು, ಸೀಲು ಯಾರದು, ಠಾಣೆಯ ಮಾಲು ರಿಜಿಸ್ಟರಿನಲ್ಲಿ ಯಾವ ದಿನ ನಮೂದಾಯಿತು, ಮಾದರಿ ಯಾರ ಎದುರು ತೆಗೆದರು, ಪ್ರಯೋಗಾಲಯಕ್ಕೆ ಹೋದಾಗ ಸೀಲು ಹಾಗೇ ಇತ್ತೇ, ಮಹಜರಿನ ತೂಕಕ್ಕೂ ಅಲ್ಲಿನ ತೂಕಕ್ಕೂ ತಾಳೆಯಾಗುತ್ತದೆಯೇ? 52-ಎ ಕಲಮಿನ ಪ್ರಕಾರ ಮಾದರಿಯನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ತೆಗೆಯಬೇಕು ಎಂದು 2016ರಲ್ಲಿ ಮೋಹನ್‌ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಹಾಗೆ ಮಾಡದಿದ್ದರೆ ತಾನಾಗಿಯೇ ಖುಲಾಸೆ ಎಂದಲ್ಲ, 2025ರ ಭರತ್ ಅಂಬಾಲೆ ತೀರ್ಪು ಅದನ್ನೂ ಹೇಳಿದೆ. ಉಳಿದ ಸಾಕ್ಷ್ಯವೂ ಸಡಿಲವಾಗಿದ್ದಾಗ ಈ ಲೋಪ ಭಾರವಾಗುತ್ತದೆ.

ತೂಕ ಎಂದರೆ ಯಾವುದರ ತೂಕ ಎಂಬುದೂ ಮುಖ್ಯ. ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ, ತುದಿಯ ಜೊತೆಗಿಲ್ಲದ ಬರೀ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. ಅರಿಶಿನ, ಕಬ್ಬಿನ ನಡುವೆ ಬೆಳೆದ ಗಿಡಗಳನ್ನು ಬೇರು ಕಾಂಡ ಸಮೇತ ಕಿತ್ತು ಹಸಿಯಾಗಿಯೇ ತೂಗಿದ ಕೇಸುಗಳಲ್ಲಿ ಇದೇ ದೊಡ್ಡ ವಾದ. ನಿಮ್ಮ ಮಹಜರಿನಲ್ಲಿ ಚೀಲದೊಳಗಿನದನ್ನು ಹೇಗೆ ವರ್ಣಿಸಿದ್ದಾರೆ ಎಂದು ಓದಿ ನೋಡಿ.

‘ಗೆಜೆಟೆಡ್ ಅಧಿಕಾರಿ ಇರಲಿಲ್ಲ, ಕೇಸು ಬಿದ್ದುಹೋಗುತ್ತೆ’ ಎಂದು ಬಹಳ ಜನ ಆಸೆ ಹುಟ್ಟಿಸುತ್ತಾರೆ. ಅಂಥ ಅಧಿಕಾರಿಯ ಎದುರೇ ತಪಾಸಣೆ ಮಾಡಿ ಎಂದು ಕೇಳುವ 50ನೇ ಕಲಮಿನ ಹಕ್ಕು ಮೈ ತಪಾಸಣೆಗೆ ಸಂಬಂಧಿಸಿದ್ದು. ಕೈಚೀಲಕ್ಕೆ ಅದು ಅನ್ವಯಿಸುವುದಿಲ್ಲ ಎಂದು 2005ರಲ್ಲೇ ಪವನ್ ಕುಮಾರ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಈ ಒಂದೇ ಅಂಶ ನೆಚ್ಚಿ ದುಡ್ಡು ಸುರಿಯಬೇಡಿ. ಪಂಚರು ತಿರುಗಿಬಿದ್ದರು ಎಂಬುದೂ ಒಂಟಿಯಾಗಿ ಸಾಲದು. ‘ಚೀಲ ನನ್ನದಲ್ಲ’ ಎಂಬ ಅವನ ಮಾತಿಗೆ ಜೀವವಿದೆ, ಆದರೆ ಕಾಯ್ದೆಯ 35 ಮತ್ತು 54ನೇ ಕಲಮುಗಳು ಅವನಿಗೆ ಗೊತ್ತಿತ್ತು ಎಂದೇ ಊಹಿಸಿಕೊಳ್ಳುತ್ತವೆ. ಮಾಲು ಅವನ ವಶದಲ್ಲಿತ್ತು ಎಂಬ ಬುನಾದಿಯನ್ನು ಮಾತ್ರ ಪೊಲೀಸರೇ ರುಜುವಾತು ಮಾಡಬೇಕು, ಆಮೇಲಷ್ಟೇ ಊಹೆ. ಇದು 2008ರ ನೂರ್ ಆಗಾ ತೀರ್ಪು. ಪೊಲೀಸರ ಮುಂದೆ ಅವನು ಒಪ್ಪಿಕೊಂಡಿದ್ದಾನೆ ಎಂಬುದನ್ನು ಆಧಾರವಾಗಿ ತೀರ್ಪಿನಲ್ಲಿ ಬಳಸಿದ್ದರೆ ವಕೀಲರಿಗೆ ಗುರುತು ಹಾಕಿ ತೋರಿಸಿ, ಅಂಥ ಒಪ್ಪಿಗೆ ಸಾಕ್ಷ್ಯವೇ ಅಲ್ಲ.

ಅಪರಾಧ ಸಾಬೀತೆಂಬ ತೀರ್ಪು ಉಳಿದರೂ ಶಿಕ್ಷೆಯ ಮೇಲೆ ವಾದಿಸಲು ಜಾಗವಿದೆ. ಈ ಮಧ್ಯಮ ಪ್ರಮಾಣಕ್ಕೆ ಗರಿಷ್ಠ 10 ವರ್ಷ ಮತ್ತು 1 ಲಕ್ಷ ದಂಡ ಎಂದಿದೆಯೇ ಹೊರತು ಕನಿಷ್ಠ ಎಂಬುದಿಲ್ಲ. ವಯಸ್ಸು, ಮೊದಲ ಕೇಸು, ಮನೆಯ ಸ್ಥಿತಿ ನೋಡಿ ಹೈಕೋರ್ಟು ಶಿಕ್ಷೆ ಇಳಿಸಬಹುದು. ಬಂಧನವಾದಾಗ ಒಳಗಿದ್ದ ದಿನಗಳೂ ಶಿಕ್ಷೆಗೆ ವಜಾ ಆಗಬೇಕು, ತೀರ್ಪಿನ ಕೊನೆಯ ಪುಟದಲ್ಲಿ ಆ ಲೆಕ್ಕ ಸರಿಯಿದೆಯೇ ನೋಡಿ. ಹೆದರಿಸಿದವರ ಮಾತನ್ನು ಬಿಟ್ಟುಬಿಡಿ. ಅಪರಾಧಿಯೇ ಹಾಕಿದ ಅಪೀಲಿನಲ್ಲಿ ಶಿಕ್ಷೆ ಹೆಚ್ಚಿಸುವಂತಿಲ್ಲ. ಸರ್ಕಾರ ತಾನೇ ಬೇರೆ ಮೇಲ್ಮನವಿ ಹಾಕಿದರೆ ಮಾತ್ರ ಆ ಪ್ರಶ್ನೆ ಬರುತ್ತದೆ, ಆಗಲೂ ಇವನ ಮಾತು ಕೇಳಿಯೇ ತೀರ್ಮಾನಿಸಬೇಕು.

ವಕೀಲರ ಶುಲ್ಕಕ್ಕಾಗಿ ಒಡವೆ ಅಡವಿಡುವ ಮೊದಲು ಇದನ್ನು ತಿಳಿದುಕೊಳ್ಳಿ: ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಹಕ್ಕು. 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅವನು ಜೈಲಿನ ಅಧಿಕಾರಿಯ ಮೂಲಕವೂ ಅಪೀಲು ಕಳಿಸಬಹುದು. ಮುಂದಿನ ಭೇಟಿಗೆ ಹೋಗುವಾಗ ವಕಾಲತ್ತು ಒಯ್ದು, ಜೈಲಿನ ಅಧಿಕಾರಿಯ ದೃಢೀಕರಣದೊಂದಿಗೆ ಅವನ ಸಹಿ ಹಾಕಿಸಿಕೊಂಡು ಬನ್ನಿ. ಚೀಲ ಕೊಟ್ಟವರು ಯಾರು, ವಿಚಾರಣೆಯಲ್ಲಿ ಅವರ ಹೆಸರು ಬಂತೇ ಎಂಬುದನ್ನೂ ಸಮಾಧಾನವಾಗಿ ಕೇಳಿ ಬರೆದುಕೊಳ್ಳಿ, ವಕೀಲರು ಅದನ್ನು ಕೇಳಿಯೇ ಕೇಳುತ್ತಾರೆ.