ಮಗು ಮನೆ ಬಿಟ್ಟು ಹೋದರೆ 24 ಗಂಟೆ ಕಾಯಬೇಡಿ

ಟ್ಯೂಷನ್‌ಗೆ ಅಂತ ಹೋದ ಹದಿನಾರರ ಹುಡುಗ ರಾತ್ರಿ ಹತ್ತಾದರೂ ಬಂದಿಲ್ಲ. ಮನೆಯವರು ಮೊದಲು ಅಜ್ಜಿ ಮನೆಗೆ ಫೋನ್ ಮಾಡುತ್ತಾರೆ, ಆಮೇಲೆ ಗೆಳೆಯರಿಗೆ, ಆಮೇಲೆ ನಾಲ್ಕು ಜನಕ್ಕೆ ಗೊತ್ತಾದರೆ ಮರ್ಯಾದೆ ಹೋಗುತ್ತೆ ಅಂತ ಬೆಳಗಾಗುವವರೆಗೆ ಒಳಗೊಳಗೇ ಒದ್ದಾಡುತ್ತಾರೆ. ನಮ್ಮಂಥ ವಕೀಲರ ಹತ್ತಿರ ಬರುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ. ಅಷ್ಟರಲ್ಲಿ ಮಗು ಮೆಜೆಸ್ಟಿಕ್‌ನಲ್ಲಿ ಬಸ್ಸೋ ರೈಲೋ ಹತ್ತಿ ಇನ್ನೊಂದು ರಾಜ್ಯ ಸೇರಿರಬಹುದು.

24 ಗಂಟೆ ಆದಮೇಲೆ ಮಾತ್ರ ದೂರು ತಗೊಳ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಅಂಥ ಕಾನೂನೇ ಇಲ್ಲ. 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನ್ ಅನ್ನೋ ಮಕ್ಕಳ ಹಕ್ಕುಗಳ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: 18 ತುಂಬದ ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು, ಅಪಹರಣ ಅಥವಾ ಕಳ್ಳಸಾಗಣೆ ಇರಬಹುದು ಅಂತಲೇ ತನಿಖೆ ಶುರು ಮಾಡಬೇಕು. "ಓಡಿ ಹೋಗಿದ್ದಾನೆ, ಬರ್ತಾನೆ ಬಿಡಿ" ಅಂತ ಠಾಣೆಯಲ್ಲಿ ಹೇಳಿದರೆ ಕೇಳಿಕೊಂಡು ವಾಪಸ್ ಬರಬೇಡಿ. ಯಾವ ಠಾಣೆಯಾದರೂ ಸರಿ, ಅವರ ವ್ಯಾಪ್ತಿಗೆ ಬರದಿದ್ದರೆ ಝೀರೋ ಎಫ್‌ಐಆರ್ ಮಾಡಿ ಕಳಿಸಬೇಕು. ಅದರ ಪ್ರತಿ ನಿಮಗೆ ಉಚಿತ. ಒಪ್ಪದಿದ್ದರೆ ಜಿಲ್ಲೆಯ ಎಸ್‌ಪಿಗೆ ಅಂಚೆಯಲ್ಲಿ ದೂರು ಕಳಿಸಿ. ಮಕ್ಕಳ ಸಹಾಯವಾಣಿ 1098ಕ್ಕೂ ಆಗಲೇ ಫೋನ್ ಮಾಡಿ.

ದೂರಿನಲ್ಲಿ ಏನಿರಬೇಕು ಅನ್ನೋದು ತುಂಬಾ ಮುಖ್ಯ. ಹೋಗುವಾಗ ಹಾಕಿದ್ದ ಬಟ್ಟೆ, ಚಪ್ಪಲಿ ಶೂಗಳ ಬಣ್ಣ, ಇತ್ತೀಚಿನ ಫೋಟೋ, ಮೊಬೈಲ್ ನಂಬರ್, ಮೊಬೈಲ್ ಡಬ್ಬದ ಮೇಲಿರುವ ಐಎಂಇಐ ಸಂಖ್ಯೆ, ಇನ್‌ಸ್ಟಾಗ್ರಾಂ ಖಾತೆಯ ಹೆಸರು, ಮನೆಯಿಂದ ತಗೊಂಡು ಹೋದ ದುಡ್ಡು. ವಯಸ್ಸಿಗೆ ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಕೊಡಿ. ಹಿಂದಿನ ದಿನ ಮನೆಯಲ್ಲಿ ಜಗಳ ಆಗಿದ್ದರೆ, ಹೊಡೆದಿದ್ದರೆ, ಅದನ್ನೂ ಹೇಳಿ. ಮುಚ್ಚಿಟ್ಟರೆ ಪೊಲೀಸರು ತಪ್ಪು ದಿಕ್ಕಿನಲ್ಲಿ ಹುಡುಕುತ್ತಾ ಕೂರುತ್ತಾರೆ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕು. ಹೋಗಿದೆಯಾ ಅಂತ ವಿಚಾರಿಸುತ್ತಾ ಇರಿ.

ಇನ್ನೊಂದು, ಸಿಟ್ಟಿನಲ್ಲಿ ಯಾರದೋ ಹೆಸರು ಬರೆಯಬೇಡಿ. ಐಪಿಸಿಯ ಜಾಗಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ ಪ್ರಕಾರ 18ರ ಒಳಗಿನ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಕರೆದುಕೊಂಡು ಹೋಗುವುದು, ಪುಸಲಾಯಿಸಿ ಒಯ್ಯುವುದು ಅಪರಾಧ, 7 ವರ್ಷದವರೆಗೆ ಶಿಕ್ಷೆ. ಮಗು ಒಪ್ಪಿತ್ತು ಅನ್ನೋ ಮಾತು ಅಲ್ಲಿ ನಡೆಯುವುದಿಲ್ಲ. ಹಳೇ ಐಪಿಸಿಯಲ್ಲಿ ಹುಡುಗರಿಗೆ ಈ ವಯಸ್ಸು 16 ಇತ್ತು, 2024ರ ಜುಲೈನಿಂದ ಹುಡುಗ ಹುಡುಗಿ ಇಬ್ಬರಿಗೂ 18. ಆದರೆ ಮಗು ತಾನಾಗಿಯೇ ಹೊರಟು ಹೋಗಿ ಇನ್ನೊಬ್ಬರ ಜೊತೆ ಸೇರುವುದು ಬೇರೆ, ಅವರೇ ಕರೆದುಕೊಂಡು ಹೋಗುವುದು ಬೇರೆ ಅಂತ ಸುಪ್ರೀಂ ಕೋರ್ಟ್ ವರದರಾಜನ್ ಪ್ರಕರಣದಲ್ಲಿ 1964ರಲ್ಲೇ ಹೇಳಿದೆ. ಕಂಡಿದ್ದು, ಗೊತ್ತಿದ್ದು ಮಾತ್ರ ಬರೆಯಿರಿ.

ಮಗು ಸಿಕ್ಕಿತು ಅಂದುಕೊಳ್ಳಿ. ತಂದೆತಾಯಿಗೆ ಜಾಸ್ತಿ ಆಘಾತವಾಗುವುದು ಇಲ್ಲೇ. ಪೊಲೀಸರು ಮಗುವನ್ನು ಸೀದಾ ನಿಮ್ಮ ಕೈಗೆ ಕೊಡುವುದಿಲ್ಲ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಅಲ್ಲಿ ಅಪ್ಪಂದಿರು ಎದ್ದು ನಿಂತು "ನಮ್ಮ ಮಗಳು ಮೇಡಂ, ನಾವು ಕರ್ಕೊಂಡು ಹೋಗ್ತೀವಿ, ನಿಮ್ಮದೇನು?" ಅಂತ ಕೂಗಾಡುವುದನ್ನು ನೋಡಿದ್ದೇನೆ. ಆ ಸಂಕಟ ನನಗೆ ಅರ್ಥವಾಗುತ್ತೆ. ಆದರೆ ಸಮಿತಿ ಅಲ್ಲಿರುವುದು ಮಗುವಿಗಾಗಿ. ಯಾಕೆ ಹೋದೆ, ವಾಪಸ್ ಹೋಗೋಕೆ ಭಯ ಇದೆಯಾ ಅಂತ ಮಗುವನ್ನು ಕೇಳುತ್ತಾರೆ, ಮನೆಯ ಪರಿಸ್ಥಿತಿಯ ವರದಿ ತರಿಸುತ್ತಾರೆ, ಅಪಾಯ ಅನಿಸಿದರೆ ಕೆಲವು ದಿನ ಬಾಲಮಂದಿರದಲ್ಲಿ ಇರಿಸುತ್ತಾರೆ. ನೀವು ಸಮಾಧಾನದಿಂದ ಮಾತಾಡಿ, ಆಪ್ತಸಮಾಲೋಚನೆಗೆ ನೀವೂ ಕೂರುತ್ತೀರಿ ಅಂತ ಹೇಳಿ. ಮಗುವನ್ನು ಅಲ್ಲೇ ಗದರಿಸಬೇಡಿ, ದಯವಿಟ್ಟು.

ಮನೆಗೆ ಬಂದಮೇಲೆ ಬೆಲ್ಟು ತೆಗೆಯುವವರು, ರೂಮಿಗೆ ಬೀಗ ಹಾಕುವವರು ಇದ್ದಾರೆ. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಇಂಥ ಕ್ರೌರ್ಯಕ್ಕೆ 3 ವರ್ಷದವರೆಗೆ ಜೈಲು ಅಥವಾ 1 ಲಕ್ಷ ದಂಡ ಅಥವಾ ಎರಡೂ, ಹೆತ್ತವರಿಗೂ ಇದು ಅನ್ವಯಿಸುತ್ತೆ. ಇನ್ನು ಕೆಲವರು ಹದಿನೇಳರ ಹುಡುಗಿಗೆ ತಿಂಗಳೊಳಗೆ ಗಂಡು ಹುಡುಕಿಬಿಡುತ್ತಾರೆ. ಕರ್ನಾಟಕದಲ್ಲಿ ಆ ಮದುವೆ ಮೊದಲ ದಿನದಿಂದಲೇ ಅಸಿಂಧು, ಮಾಡಿಸಿದವರ ಮೇಲೆ ಕೇಸು. ಇದು ಮಗುವಿಗೆ ಮಾಡುವ ದೊಡ್ಡ ಅನ್ಯಾಯ ಅಂತ ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಮಗು ಬಂತು, ಕೇಸ್ ವಾಪಸ್ ತಗೋತೀವಿ ಅಂತ ಒಂದು ಹಾಳೆ ಬರೆದುಕೊಟ್ಟರೆ ಎಫ್‌ಐಆರ್ ಮುಗಿಯುವುದಿಲ್ಲ. ಪೊಲೀಸರು ಕೋರ್ಟಿಗೆ ವರದಿ ಸಲ್ಲಿಸಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರುವುದು ಗೊತ್ತಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೋ ಕಾಯ್ದೆ ಸೇರುತ್ತೆ, ಅದರಲ್ಲಿ ಎರಡು ಮನೆಯವರು ಕೂತು ರಾಜಿ ಮಾಡಿಕೊಳ್ಳೋಕೆ ಆಗಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಮಗು ಹೇಳಿಕೆ ಕೊಡುವಾಗ ಏನು ಹೇಳಬೇಕು ಅಂತ ಹೇಳಿಕೊಡಲೂ ಹೋಗಬೇಡಿ. ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಿದ್ದ ಫೋಟೋ, ಹೆಸರು ಅವತ್ತೇ ತೆಗೆಸಿ. ವಕೀಲರಿಗೆ ಕೊಡೋಕೆ ದುಡ್ಡಿಲ್ಲದಿದ್ದರೆ ನಿಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಕ್ಕಳಿಗೆ ಮತ್ತು ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರು ಉಚಿತವಾಗಿ ಸಿಗುತ್ತಾರೆ, ಅರ್ಜಿಯನ್ನು ತಾಯಿಯ ಹೆಸರಲ್ಲಿ ಹಾಕಿ.