ಇಮ್ಸುವಾನ್‌ಗೆ ಒಂದು ದಿನದ ಸರ್ಫಿಂಗ್: ಹೋದರೆ ಸಾರ್ಥಕವೇ?

ಪ್ರಶ್ನೆ: ಡಿಸೆಂಬರ್‌ನಲ್ಲಿ ನಾವಿಬ್ಬರು, ಗಂಡ ಹೆಂಡತಿ, ಮೊರಾಕ್ಕೊಗೆ ಹೋಗುತ್ತಿದ್ದೇವೆ. ನಾಲ್ಕು ದಿನ ಅಗಾದಿರ್ ನಗರದ ಹತ್ತಿರದ ಕಡಲೂರು ತಗಾಜೂತ್‌ನಲ್ಲಿ ಉಳಿಯುತ್ತೇವೆ. ಅಲ್ಲಿಂದ ಇಮ್ಸುವಾನ್ ಕೊಲ್ಲಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡಬಹುದು, ಹೊಸಬರಿಗೆ ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ ಅಂತ ಕೇಳಿದವರೆಲ್ಲ ಹೇಳುತ್ತಾರೆ. ನಾನು ಸರ್ಫ್ ಬೋರ್ಡ್ ಮುಟ್ಟಿದವನೇ ಅಲ್ಲ. ಈಜು ಬರುತ್ತೆ, ಆದರೆ ಊರ ಕೆರೆಯಲ್ಲಿ ಕಲಿತದ್ದು. ಹೆಂಡತಿ ನೀರಿಗೆ ಇಳಿಯುವುದಿಲ್ಲ. ಒಂದು ದಿನಕ್ಕೋಸ್ಕರ ಅಷ್ಟು ದೂರ ಹೋಗುವುದು ಸಾರ್ಥಕವೇ?

ಉತ್ತರ: ಸಾರ್ಥಕವೇ, ಸರಿಯಾದ ದಿನ ಹೋದರೆ. ಆ ದಿನವನ್ನು ಆರಿಸುವುದು ನಿಮ್ಮ ಪುರುಸೊತ್ತಲ್ಲ, ವ್ಯಾನ್‌ನವನ ಟೈಮೂ ಅಲ್ಲ, ಸಮುದ್ರದ ಇಳಿತ. ‘ಬೆಳಿಗ್ಗೆ ಒಂಬತ್ತಕ್ಕೆ ಹೊರಡ್ತೀವಿ’ ಅಂದವರ ಗಾಡಿ ಹತ್ತಿ, ಭರ್ತಿ ಉಬ್ಬರದ ಹೊತ್ತಿಗೆ ಅಲ್ಲಿ ಇಳಿದು, ಅಲೆ ಎಲ್ಲಿದೆ ಅಂತ ಹುಡುಕಿ, ಮೀನೂಟ ಮಾಡಿ ವಾಪಸ್ ಬರುವವರು ಬೇಕಾದಷ್ಟು ಜನ ಇದ್ದಾರೆ. ಅವರು ಬಂದು ‘ಏನೂ ವಿಶೇಷ ಇಲ್ಲಪ್ಪ’ ಅನ್ನುತ್ತಾರೆ. ಅವರ ಪಾಲಿಗೆ ಅದು ನಿಜವೇ.

ಮೊದಲು ಜಾಗ ಹೇಗಿದೆ ಅಂತ ಹೇಳುತ್ತೇನೆ. ಇಮ್ಸುವಾನ್ ಅಗಾದಿರ್‌ಗೂ ಎಸ್ಸಾವಿರಾಕ್ಕೂ ನಡುವೆ ಇರುವ ಮೀನುಗಾರರ ಹಳ್ಳಿ. ತಗಾಜೂತ್‌ನಿಂದ ಉತ್ತರಕ್ಕೆ ಹತ್ತಿರ ಹತ್ತಿರ 70 ಕಿಲೋಮೀಟರ್. ಬಾಳೆತೋಟಗಳಿಗೆ ಹೆಸರಾದ ತಮ್ರಿ ದಾಟಿದ ಮೇಲೆ ರಸ್ತೆ ಸುತ್ತಿ ಸುತ್ತಿ ಹೋಗುವುದರಿಂದ ಒಂದೂವರೆ ತಾಸು ಇಟ್ಟುಕೊಳ್ಳಿ. ಹಳ್ಳಿ ಸಮುದ್ರಕ್ಕೆ ಚಾಚಿದ ಭೂಶಿರದ ಮೇಲಿದೆ. ಅದರ ಒಂದು ಮಗ್ಗುಲಿಗೆ ‘ಕ್ಯಾಥೆಡ್ರಲ್’ ಅನ್ನುವ ಬೀಚು, ತೆರೆದ ಸಮುದ್ರಕ್ಕೆ ಎದುರಾಗಿ ನಿಂತದ್ದು, ಅಲೆಗೆ ಜೋರು ಹೆಚ್ಚು. ಇನ್ನೊಂದು ಮಗ್ಗುಲಿಗೆ ಬಂದರು, ಬಂದರಿನ ಗೋಡೆ ಮುಗಿದಲ್ಲಿಂದ ಒಳಕ್ಕೆ ಬಾಗಿದ ಕೊಲ್ಲಿ. ಜನ ಹುಡುಕಿಕೊಂಡು ಬರುವುದು ಈ ಕೊಲ್ಲಿಗೆ.

ಅಲೆ ಇಲ್ಲಿ ಯಾಕೆ ಮೆದು? ಚಳಿಗಾಲದಲ್ಲಿ ಉತ್ತರ ಅಟ್ಲಾಂಟಿಕ್‌ನ ಚಂಡಮಾರುತಗಳು ಎಬ್ಬಿಸಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ವಾಯವ್ಯದಿಂದ ಬರುತ್ತವೆ. ತೆರೆದ ದಂಡೆಗೆ ಅವು ನೇರ ಬಂದು ಅಪ್ಪಳಿಸುತ್ತವೆ. ಇಲ್ಲಿ ಭೂಶಿರ ಅಡ್ಡ ಇದೆ. ಅಲೆಯ ಯಾವ ತುದಿ ಆಳ ಕಡಿಮೆ ಇರುವಲ್ಲಿಗೆ ಮೊದಲು ಬರುತ್ತದೋ ಆ ತುದಿ ನಿಧಾನವಾಗುತ್ತದೆ, ಆಳದಲ್ಲಿರುವ ತುದಿ ಅದೇ ವೇಗದಲ್ಲಿ ಮುಂದೆ ಹೋಗುತ್ತದೆ. ಹಾಗಾಗಿ ಇಡೀ ಅಲೆ ಭೂಶಿರವನ್ನು ಸುತ್ತಿಕೊಂಡು ಒಳಕ್ಕೆ ತಿರುಗುತ್ತದೆ. ತಿರುಗುವಾಗ ಅದರ ಶಕ್ತಿ ಅಗಲಕ್ಕೆ ಹರಡಿಹೋಗುತ್ತದೆ. ಒಳಗೆ ಬಂದರೆ ನೆಲವೂ ಸಣ್ಣಗೆ ಏರುತ್ತಾ ಹೋಗುವಂಥದ್ದು. ನೆಲ ದಿಢೀರನೆ ಏರುವ ಕಡೆ ಅಲೆ ಕೊಳವೆಯಾಗಿ ಸುರುಳಿ ಸುತ್ತಿ ಬೀಳುತ್ತದೆ. ಇಲ್ಲಿ ಮಾತ್ರ ಉಕ್ಕಿದ ಹಾಲಿನ ಹಾಗೆ ಮೇಲಿನಿಂದ ನೊರೆ ಜಾರಿಕೊಂಡು ಇಳಿಯುತ್ತದೆ. ಅಲೆ ಬಂದರಿನ ಕಡೆಯಿಂದ ಒಡೆಯಲು ಶುರುಮಾಡಿ ಕೊಲ್ಲಿಯುದ್ದಕ್ಕೂ ಒಡೆಯುತ್ತಾ ಹೋಗುವುದರಿಂದ, ಒಳ್ಳೆಯ ದಿನ ಬಲ್ಲವರು ಅರ್ಧ ಕಿಲೋಮೀಟರ್‌ಗೂ ಹೆಚ್ಚು ದೂರ ಒಂದೇ ಅಲೆಯ ಮೇಲೆ ನಿಂತು ಸಾಗುತ್ತಾರೆ. ಇಳಿದ ಮೇಲೆ ಕೈಯಿಂದ ನೀರು ತಳ್ಳುತ್ತಾ ವಾಪಸ್ ಹೋಗುವುದಿಲ್ಲ. ದಡಕ್ಕೆ ಬಂದು, ಬೋರ್ಡ್ ಕಂಕುಳಲ್ಲಿಟ್ಟುಕೊಂಡು ಮರಳಿನ ಮೇಲೆ ನಡೆದು ಹೋಗುತ್ತಾರೆ.

ಆ ಮರಳು ಇರಬೇಕಲ್ಲ! ಇಳಿತದ ಮಾತು ಬರುವುದು ಇಲ್ಲಿಯೇ. ಮಂಗಳೂರಿನ ಕಡೆ ನೀರು ಏರಿ ಇಳಿಯುವುದು ಹೆಚ್ಚೆಂದರೆ ಒಂದು, ಒಂದೂವರೆ ಮೀಟರ್. ಮೊರಾಕ್ಕೊದ ಈ ದಂಡೆಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಅದು ಮೂರು ಮೀಟರಿನ ಹತ್ತಿರ ಹೋಗುತ್ತದೆ. ಉಬ್ಬರ ತುಂಬಿದಾಗ ಕೊಲ್ಲಿಯಲ್ಲಿ ಆಳ ಜಾಸ್ತಿಯಾಗಿ ಅಲೆ ಒಡೆಯದೆ ಸುಮ್ಮನೆ ಉಬ್ಬಿ ಹೋಗುತ್ತದೆ, ಒಡೆದರೆ ದಡದ ಬುಡದಲ್ಲೇ ಒಡೆಯುತ್ತದೆ. ಬೀಚು ಕಿರಿದಾಗುತ್ತದೆ. ಇಳಿತದಿಂದ ಅರ್ಧ ಉಬ್ಬರದವರೆಗಿನ ಹೊತ್ತೇ ಕೊಲ್ಲಿಯ ಒಳ್ಳೆಯ ಹೊತ್ತು.

ಈಗ ನಿಮ್ಮ ನಾಲ್ಕು ದಿನಕ್ಕೆ ಲೆಕ್ಕ ಹಾಕಿ. ಒಂದು ಇಳಿತದಿಂದ ಉಬ್ಬರಕ್ಕೆ ಆರು ತಾಸು ಚಿಲ್ಲರೆ, ದಿನಕ್ಕೆ ಎರಡು ಇಳಿತ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಡಿಸೆಂಬರ್‌ನಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆಯ ಹೊತ್ತಿಗೆ, ಮುಳುಗುವುದು ಆರೂವರೆಯ ಆಸುಪಾಸು. ಹತ್ತು ತಾಸಿನ ಬೆಳಕು ಅಷ್ಟೆ. ಮೊದಲ ದಿನ ಇಳಿತ ಬೆಳಿಗ್ಗೆ 9 ಗಂಟೆಗೆ ಇದ್ದರೆ ನಾಲ್ಕನೆಯ ದಿನ ಹನ್ನೊಂದೂವರೆಗೆ ಬಂದಿರುತ್ತದೆ. ಹಾಗಿದ್ದರೆ ನಾಲ್ಕನೆಯ ದಿನವೇ ಹೋಗಿ: ಎಂಟೂವರೆಗೆ ಬಿಟ್ಟು ಹತ್ತಕ್ಕೆ ತಲುಪಿ, ಹತ್ತೂವರೆಗೆ ನೀರಿಗಿಳಿದರೆ ಇಳಿತದ ಮುಂಚೆಯೂ ನಂತರವೂ ಹೊತ್ತು ಸಿಗುತ್ತದೆ. ಮಟಮಟ ಮಧ್ಯಾಹ್ನ ಉಬ್ಬರ ತುಂಬುವ ದಿನ ಬಿಟ್ಟುಬಿಡಿ. ಅಷ್ಟಮಿಯ ಸುತ್ತಿನ ದಿನಗಳಲ್ಲಿ ಏರಿಳಿತ ಕಡಿಮೆ ಇರುವುದರಿಂದ ಗಂಟೆ ಸ್ವಲ್ಪ ಹೆಚ್ಚು ಕಡಿಮೆ ಆದರೂ ನಡೆಯುತ್ತದೆ. ಅಗಾದಿರ್‌ನ ಉಬ್ಬರ-ಇಳಿತದ ಪಟ್ಟಿ ನೆಟ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಟಿಕೆಟ್ ಬುಕ್ ಮಾಡುವ ಮುಂಚೆಯೇ ನೋಡಬಹುದು. ಅಲೆಯ ಮುನ್ಸೂಚನೆ ಮಾತ್ರ ಹೊರಡುವ ಎರಡು ಮೂರು ದಿನ ಮೊದಲು ನೋಡಿದರೆ ಸಾಕು. ಅದಕ್ಕಿಂತ ಮುಂಚೆ ನೋಡಿ ನಂಬಬೇಡಿ.

ಇಷ್ಟು ಹೊಂದಿಸಿಕೊಂಡು ಹೋದಿರಿ ಅನ್ನೋಣ. ಕೊಲ್ಲಿಯ ಅಲೆ ಹೊಸಬರಿಗೆ ಸುಲಭ ಅಂದವರು ಒಂದು ಮಾತು ಹೇಳಿರುವುದಿಲ್ಲ: ಸುಲಭ ಅಂತಲೇ ಎಲ್ಲರೂ ಅಲ್ಲಿಗೇ ಬರುತ್ತಾರೆ. ಅಗಾದಿರ್, ತಗಾಜೂತ್‌ಗಳ ಸರ್ಫ್ ಶಾಲೆಯ ವ್ಯಾನುಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. ದೂರದಿಂದ ಒಂಬತ್ತು ಅಡಿಯ ಬೋರ್ಡ್ ಮೇಲೆ ತೇಲಿ ಬರುವವನಿಗೆ ದಾರಿಯಲ್ಲಿ ಹತ್ತಾರು ತಲೆಗಳು. ನಿಮಗಿರುವ ಅಪಾಯ ಅಲೆಯದ್ದಕ್ಕಿಂತ ಬೋರ್ಡಿನದ್ದು, ಬೇರೆಯವರ ಬೋರ್ಡ್ ಮತ್ತು ನಿಮ್ಮದೇ ಬೋರ್ಡ್. ಹಾಗಾಗಿ ಬಂದರಿನ ಗೋಡೆಯ ಹತ್ತಿರಕ್ಕೆ ಹೋಗಬೇಡಿ. ಅಲ್ಲಿಂದ ದೂರ, ಕೊಲ್ಲಿಯ ಒಳತುದಿಯಲ್ಲಿ, ಅಲೆ ಆಗಲೇ ಒಡೆದು ಬಿಳಿ ನೊರೆಯಾಗಿ ಬರುವ ಜಾಗದಲ್ಲಿ ಇರಿ. ಬಂದರಿನ ಕಡೆಯಿಂದ ಅಲೆಯ ಮೇಲೆ ಬರುತ್ತಿರುವವನಿಗೆ ಮೊದಲ ಹಕ್ಕು; ಅವನ ಮುಂದೆ ನೀವು ಏಳಬಾರದು. ಪ್ರತಿ ಸಲ ಬೋರ್ಡ್ ತಿರುಗಿಸುವ ಮೊದಲು ಆ ಕಡೆಗೆ ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಕೆರೆಯ ಈಜಿನ ವಿಷಯ. ಸೊಂಟದ ನೀರಿನಲ್ಲಿ, ಕಾಲು ನೆಲಕ್ಕೆ ತಾಗುವ ಕಡೆ ಕಲಿಯಲು ಅಷ್ಟು ಸಾಕು. ಆದರೆ ಬೋರ್ಡ್ ಇದೆಯಲ್ಲ, ಹಿಡಿದುಕೊಂಡರಾಯಿತು ಅನ್ನುವ ಧೈರ್ಯ ಬೇಡ. ಕಾಲಿಗೆ ಕಟ್ಟುವ ಹಗ್ಗ ಕೆಲವೊಮ್ಮೆ ಹರಿಯುತ್ತದೆ. ಬೋರ್ಡ್ ಇಲ್ಲದೆ ಎಷ್ಟು ದೂರದಿಂದ ಈಜಿ ದಡ ಸೇರಬಲ್ಲಿರೋ ಅಷ್ಟೇ ಒಳಗೆ ಹೋಗಿ. ಅಲೆ ದೊಡ್ಡದಿರುವ ದಿನ ಕೊಲ್ಲಿಯಲ್ಲೂ ಸೆಳೆತ ಇರುತ್ತದೆ. ಬೇಡ ಅಂತ ಕಲಿಸುವವರು ಅಂದರೆ ವಾದ ಮಾಡಬೇಡಿ. ಮೊದಲ ಸಲ ಆದ್ದರಿಂದ ಬರಿ ಬೋರ್ಡ್ ಬಾಡಿಗೆಗೆ ತೆಗೆದುಕೊಳ್ಳದೆ ಪಾಠಕ್ಕೇ ದುಡ್ಡು ಕೊಡಿ. ಈ ಒಂದು ವಿಷಯದಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಚಳಿಗೆ ತಯಾರಾಗಿ. ಉತ್ತರದಿಂದ ತಣ್ಣೀರು ತರುವ ಕೆನರಿ ಪ್ರವಾಹ ಮತ್ತು ತಳದಿಂದ ಮೇಲೇಳುವ ನೀರಿನ ಕಾರಣ ಈ ದಂಡೆ ಆ ಅಕ್ಷಾಂಶಕ್ಕೆ ಇರಬೇಕಾದ್ದಕ್ಕಿಂತ ತಂಪು. ಡಿಸೆಂಬರ್‌ನಲ್ಲಿ ನೀರು 17, 18 ಡಿಗ್ರಿ. ವೆಟ್‌ಸೂಟ್, ಅಂದರೆ ಮೈಗೆ ಅಂಟಿಕೊಳ್ಳುವ ರಬ್ಬರಿನ ಉಡುಪು, ಬೇಕೇ ಬೇಕು, ಬಾಡಿಗೆಗೆ ಸಿಗುತ್ತದೆ. 4/3 ಅಂತ ಬರೆದಿದ್ದರೆ ಎದೆ ಬೆನ್ನಿಗೆ 4 ಮಿಲಿಮೀಟರ್, ಕೈಕಾಲಿಗೆ 3 ಮಿಲಿಮೀಟರ್ ದಪ್ಪ ಅಂತ ಅರ್ಥ. ಅದನ್ನು ಹಾಕಿಕೊಳ್ಳುವುದೇ ಒಂದು ಕಸರತ್ತು. ಕಾಲಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ತೂರಿಸಿದರೆ ಸರ್‍ರನೆ ಜಾರುತ್ತದೆ. ಉಗುರಿನಿಂದ ಎಳೆದರೆ ರಬ್ಬರ್ ಹರಿಯುತ್ತದೆ, ಬೆರಳಿನ ಹೊಟ್ಟೆಯಿಂದ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆದುಕೊಳ್ಳಿ. ಬಾಡಿಗೆಯ ಸೂಟುಗಳಲ್ಲಿ ಜಿಪ್ ಸಾಮಾನ್ಯವಾಗಿ ಬೆನ್ನ ಕಡೆಗಿರುತ್ತದೆ. ಕುತ್ತಿಗೆಯ ಹತ್ತಿರ ಸಡಿಲ ಇದ್ದರೆ ಪ್ರತಿ ಅಲೆಗೂ ತಣ್ಣೀರು ಬೆನ್ನಿಗೆ ಇಳಿಯುತ್ತದೆ, ಅಂಥದ್ದನ್ನು ಅಲ್ಲೇ ಬದಲಾಯಿಸಿಕೊಳ್ಳಿ.

ಬೋರ್ಡ್ ದೊಡ್ಡದೇ ಇರಲಿ: ಎಂಟು ಅಡಿಗಿಂತ ಕಡಿಮೆ ಇಲ್ಲದ, ಮೇಲೆ ಫೋಮ್ ಇರುವ ಮೆತ್ತನೆಯದ್ದು. ನೀರಿನಲ್ಲಿ ಬೋರ್ಡನ್ನು ಯಾವಾಗಲೂ ಮಗ್ಗುಲಿಗೆ ಇಟ್ಟುಕೊಳ್ಳಿ. ನಿಮಗೂ ಬರುತ್ತಿರುವ ಅಲೆಗೂ ನಡುವೆ ಅಡ್ಡ ಹಿಡಿದರೆ ಅದು ನೇರ ಹೊಟ್ಟೆಗೋ ಹಲ್ಲಿಗೋ ಬರುತ್ತದೆ. ನೊರೆ ಹತ್ತಿರ ಬಂದಾಗ ದಡದ ಕಡೆ ಮುಖ ಮಾಡಿ ಮಲಗಿ, ಎರಡು ಮೂರು ಸಲ ಕೈ ಬೀಸಿ. ಹಿಂದಿನಿಂದ ತಳ್ಳಿದ್ದು ಗೊತ್ತಾಗುತ್ತದೆ, ಬೋರ್ಡ್ ತಾನಾಗಿ ಓಡತೊಡಗುತ್ತದೆ. ತಕ್ಷಣ ಏಳಬೇಡಿ. ಅದು ಸಮವಾಗಿ ಓಡುವವರೆಗೆ ಒಂದು ಕ್ಷಣ ಕಾದು, ಅಂಗೈಗಳನ್ನು ಪಕ್ಕೆಲುಬಿನ ಪಕ್ಕಕ್ಕೆ ಊರಿ, ಎದೆ ಎತ್ತಿ, ಎರಡೂ ಕಾಲನ್ನು ಮೈಯಡಿಗೆ ಎಳೆದುಕೊಳ್ಳಿ. ಒಂದು ಪಾದ ಕೈಗಳ ನಡುವೆ, ಇನ್ನೊಂದು ಹಿಂದೆ, ಎರಡೂ ಅಡ್ಡಕ್ಕೆ. ಮೊಣಕಾಲು ಬಗ್ಗಿರಲಿ. ನಡುವೆ ಮಂಡಿಯೂರುವ ಚಟ ಹತ್ತಿಸಿಕೊಂಡರೆ ಬಿಡಿಸುವುದು ಕಷ್ಟ. ಕಣ್ಣು ದಡದ ಮೇಲಿನ ಯಾವುದಾದರೂ ಮನೆಯ ಮೇಲಿರಲಿ. ಕಾಲು ನೋಡಿದವನು ಬಿದ್ದ ಅಂತಲೇ ಲೆಕ್ಕ. ಬೀಳುವಾಗ ತಲೆ ಮುಂದಾಗಿ ಬೀಳಬೇಡಿ, ಬೆನ್ನ ಮೇಲೋ ಕುಂಡೆಯ ಮೇಲೋ ಅಗಲವಾಗಿ ಬೀಳಿ. ಮೇಲೆ ಬರುವಾಗ ತಲೆಗೆ ಕೈ ಅಡ್ಡ ಹಿಡಿದುಕೊಳ್ಳಿ, ಬೋರ್ಡ್ ಎಲ್ಲಿದೆ ಅಂತ ಆಗ ಗೊತ್ತಿರುವುದಿಲ್ಲ.

ಒಂದು ದಿನದಲ್ಲಿ ಇದರಿಂದ ಏನು ಸಿಗುತ್ತದೆ? ಎರಡು ತಾಸಿನ ಪಾಠದಲ್ಲಿ ನೊರೆಯ ಮೇಲೆ ಎದ್ದು ನಿಂತು ಕೆಲವು ಸೆಕೆಂಡ್ ಸಾಗುವುದು ಬಹುತೇಕ ಆರೋಗ್ಯವಂತರಿಗೆ ಸಾಧ್ಯ. ಒಡೆಯದ ಹಸಿರು ಅಲೆಯನ್ನು ಹಿಡಿದು ಕೊಲ್ಲಿಯುದ್ದಕ್ಕೂ ಹೋಗುವುದು ಮೊದಲ ದಿನ ಆಗುವುದಿಲ್ಲ, ಮತ್ತು ಇಮ್ಸುವಾನ್‌ನ ಹೆಸರು ಇರುವುದೇ ಅದಕ್ಕೆ. ಹಾಗಾಗಿ ನನ್ನ ಸಲಹೆ ಸ್ವಲ್ಪ ತಿರುವುಮುರುವು: ಮೊದಲ ಎರಡು ದಿನ ದೂರ ಹೋಗಲೇಬೇಡಿ. ತಗಾಜೂತ್ ಪಕ್ಕದ ತಾಮ್ರಘ್ತ್‌ನಲ್ಲಿ ‘ಡೆವಿಲ್ಸ್ ರಾಕ್’ ಎಂಬ ಮರಳು ಬೀಚಿದೆ, ಹೆಸರಿಗೆ ಹೆದರಬೇಡಿ, ಹೊಸಬರ ಪಾಠಗಳೆಲ್ಲ ನಡೆಯುವುದು ಅಲ್ಲೇ. ನೊರೆಯಲ್ಲಿ ಬೀಳುವುದನ್ನೆಲ್ಲ ಅಲ್ಲಿ ಬಿದ್ದು ಮುಗಿಸಿ ಮೂರನೆಯದೋ ನಾಲ್ಕನೆಯದೋ ದಿನ ಇಳಿತ ನೋಡಿ ಇಮ್ಸುವಾನ್‌ಗೆ ಹೋಗಿ. (ತಗಾಜೂತ್‌ನ ‘ಆ್ಯಂಕರ್ ಪಾಯಿಂಟ್’ ಮಾತ್ರ ದಡದಿಂದ ನೋಡಲಿಕ್ಕೆ. ಅದು ಬಲ್ಲವರ ಜಾಗ.)

ಇನ್ನೂ ಮುಂಚೆಯೇ ಶುರುಮಾಡುವ ಮನಸ್ಸಿದ್ದರೆ ಅಕ್ಟೋಬರ್, ನವೆಂಬರ್‌ನಲ್ಲಿ ಮೂಲ್ಕಿಗೆ ಹೋಗಿ ಬನ್ನಿ. ದೇಶದ ಮೊದಮೊದಲ ಸರ್ಫಿಂಗ್ ಶಾಲೆ ಹುಟ್ಟಿದ್ದು ಅಲ್ಲಿ. ಪಕ್ಕದ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಕೆಲವು ಸಲ ನಡೆದಿದೆ. ಬೆಚ್ಚಗಿನ ನೀರು, ವೆಟ್‌ಸೂಟ್ ರಗಳೆ ಇಲ್ಲ, ಕನ್ನಡದಲ್ಲೇ ಬೈಸಿಕೊಂಡು ಕಲಿಯಬಹುದು.

ನಿಮ್ಮ ಹೆಂಡತಿಯವರಿಗೆ ಅರ್ಧ ದಿನ ಆರಾಮಾಗಿ ಹೋಗುತ್ತದೆ: ನೀಲಿ ಬಣ್ಣದ ಮರದ ದೋಣಿಗಳು ತುಂಬಿದ ಬಂದರು, ಕೊಲ್ಲಿಯನ್ನು ಮೇಲಿನಿಂದ ನೋಡುವ ಕೆಫೆಗಳು, ಪುದೀನಾ ಚಹಾ. ಇಡೀ ದಿನ ಅಂದರೆ ಬೇಜಾರಾಗಬಹುದು, ಪುಸ್ತಕ ಇಟ್ಟುಕೊಂಡಿರಲಿ. ಹಳ್ಳಿಯ ಬಗ್ಗೆ ಹಳೆಯ ವಿಡಿಯೋ ನೋಡಿ ಹೋಗಬೇಡಿ. 2024ರ ಜನವರಿಯಲ್ಲಿ, ಕಡಲ ದಂಡೆಯ ಸಾರ್ವಜನಿಕ ಜಾಗ ಒತ್ತುವರಿಯಾಗಿದೆ ಅಂತ ಸರ್ಕಾರ ನೀರಿಗೆ ಅಂಟಿಕೊಂಡಿದ್ದ ಹಳೆಯ ಕೇರಿಯನ್ನು ಬುಲ್ಡೋಜರ್ ತಂದು ಕೆಡವಿತು. ಮನೆ, ಕೆಫೆ, ಬೋರ್ಡ್ ಅಂಗಡಿ ಎಲ್ಲ ಹೋದವು, ಖಾಲಿ ಮಾಡಲು ಜನರಿಗೆ ಸಿಕ್ಕ ಹೊತ್ತು ತೀರಾ ಕಡಿಮೆ. ಆ ವಿಡಿಯೋಗಳಲ್ಲಿ ಕಾಣುವ ಎಷ್ಟೋ ಜಾಗ ಈಗ ಇಲ್ಲ. ಉಳಿಯುವ ಮನೆ, ಪಾಠದ ಶಾಲೆ ಯಾವುದನ್ನು ಗೊತ್ತುಮಾಡಿದರೂ ಇತ್ತೀಚೆಗೆ ಹೋಗಿಬಂದವರ ಮಾತು ಓದಿ ಗೊತ್ತುಮಾಡಿ.

ಊಟಕ್ಕೆ ಬಂದರಿನ ಮೀನು, ಕೆಂಡದ ಮೇಲೆ ಸುಟ್ಟದ್ದು. ಸಸ್ಯಾಹಾರಿಗಳಾದರೆ ತರಕಾರಿ ತಜೀನ್ (ಮುಚ್ಚಿದ ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ್ದು) ಕೇಳಿ, ಜೊತೆಗೆ ‘ಬ್ಲಾ ಲ್ಹಮ್’ ಅನ್ನಿ, ಮಾಂಸ ಬೇಡ ಅಂತ. ತರಕಾರಿ ಮೇಲೆ ಕಂಡರೂ ಅಡಿಯಲ್ಲಿ ಮಾಂಸದ ತುಂಡು ಇರುವುದುಂಟು. ನೀರಿಗಿಳಿಯುವ ಮೊದಲು ಬ್ರೆಡ್ಡಿನ ಜೊತೆ ಬಾದಾಮಿ ಮತ್ತು ಆರ್ಗಾನ್ ಎಣ್ಣೆ ಅರೆದು ಮಾಡಿದ ಅಮ್ಲೂ ತಿಂದರೆ ಸಾಕು, ದೊಡ್ಡ ಊಟ ಆಮೇಲೆ. ನಗದು ದಿರ್ಹಮ್ ಅಗಾದಿರ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಗಾಡಿಗೆ ಎರಡು ದಾರಿ. ಸರ್ಫ್ ಶಾಲೆಯ ವ್ಯಾನ್ ಅಗ್ಗ, ಆದರೆ ಅದು ಅವರ ಟೈಮಿಗೆ. ಊರಿಂದೂರಿಗೆ ಜನ ಸೀಟು ಹಂಚಿಕೊಂಡು ಹೋಗುವ ‘ಗ್ರ್ಯಾಂಡ್ ಟ್ಯಾಕ್ಸಿ’ಯನ್ನು ಇಡಿಯಾಗಿ ಗೊತ್ತುಮಾಡಿಕೊಂಡರೆ ದುಬಾರಿ, ಆದರೆ ಇಳಿತಕ್ಕೆ ತಕ್ಕಂತೆ ಹೊರಡಬಹುದು, ನಿಮ್ಮ ಜೊತೆ ಇನ್ನಿಬ್ಬರು ಸೇರಿದರೆ ಹಂಚಿಹೋಗುತ್ತದೆ. ಹತ್ತುವ ಮುಂಚೆಯೇ ಹೋಗಿ ಬರುವುದಕ್ಕೂ ಅಲ್ಲಿ ಕಾಯುವುದಕ್ಕೂ ಸೇರಿಸಿ ಒಂದೇ ರೇಟು ಮಾತಾಡಿ, ಅಲ್ಲಿಂದ ಬಿಡುವ ಗಂಟೆಯನ್ನೂ ಹೇಳಿಬಿಡಿ. ಐದಕ್ಕೆ ಬಿಟ್ಟರೆ ತಿರುವುಗಳೆಲ್ಲ ಬೆಳಕಿನಲ್ಲೇ ಮುಗಿಯುತ್ತವೆ.